ಅಸಲು ಕರಗದ ಕಲಿಕೆ



ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಿಮಗೆ ‘ಪುವಿದಂ’ ಎಂಬ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುವಿ ಎಂದರೆ ನಮ್ಮ ಭುವಿ, ಇದಂ ಎಂದರೆ ಹಿತ. ಧರ್ಮಪುರಿ ಜಿಲ್ಲೆಯ ನಾಗರ್‌ಕೂಡಲಿನಲ್ಲಿರುವ ಒಂದು ಶಾಲೆಯ ಹೆಸರು ಅದು.

ಮೀನಾಕ್ಷಿ ಮತ್ತು ಉಮೇಶ್ ಎಂಬ ದಂಪತಿಗಳು 1992ರಲ್ಲಿ ಅಲ್ಲಿ ಒಣಭೂಮಿ ಕೊಂಡು ನೆಲೆಸಿದರು. ಮೊದಲು ಮಣ್ಣನ್ನು ಹದಕ್ಕೆ ತಂದರು, ಮರ ಬೆಳೆಸಿದರು. ಶಾಲೆ ಆರಂಭವಾದದ್ದು 2000ದಲ್ಲಿ. ಕೂಲಿ ಅರಸಿ ಊರು ಬಿಡುವವರ ಮಕ್ಕಳೂ ಅಲ್ಲಿ ಉಳಿದು ಓದುತ್ತಾರೆ. ಮಣ್ಣು, ನೀರು, ಗಾಳಿ, ಸೂರ್ಯ ಇವೇ ಪಾಠದ ಆಧಾರ. ಗುದ್ದಲಿ ಹಿಡಿಯುವುದೂ ಓದಿನ ಒಂದು ಭಾಗ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಸಲು ಉಳಿದರೆ ಬಡ್ಡಿ ಬರುತ್ತದೆ. ಅಸಲನ್ನೇ ತಿಂದರೆ ಖಾತೆ ಮುಚ್ಚುತ್ತದೆ. ಆದರೆ ನಮ್ಮ ಲೆಡ್ಜರಿನಲ್ಲಿ ಬೆಳೆಸಾಲಕ್ಕೆ ಜಾಗವಿತ್ತು, ಮೇಲ್ಮಣ್ಣಿಗೆ ಇರಲಿಲ್ಲ. ಮೇಲ್ಮಣ್ಣು, ಬಿತ್ತನೆ ಬೀಜ, ಬಾವಿಯ ನೀರು, ಹಿರಿಯರ ಕೈಗೆಲಸ – ಊರಿನ ನಿಜವಾದ ಅಸಲು ಇವು.

ಇದನ್ನು ಸಿಟ್ಟಿಲಿಂಗಿಯಲ್ಲಿ ಚೆನ್ನಾಗಿ ಕಾಣಬಹುದು. ಕಲ್ರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವಿನ ಆ ಕಣಿವೆಯಲ್ಲಿ ಮಲೆಯಾಳಿ ಎಂಬ ಬೆಟ್ಟದ ಜನರೂ ಲಂಬಾಣಿಗರೂ ಇದ್ದಾರೆ. ಡಾಕ್ಟರ್ ರೆಜಿ ಜಾರ್ಜ್ ಮತ್ತು ಡಾಕ್ಟರ್ ಲಲಿತಾ ರೆಜಿ 1990ರ ದಶಕದ ಆರಂಭದಲ್ಲಿ ಅಲ್ಲಿ ಗುಡಿಸಲಿನಲ್ಲೇ ಆಸ್ಪತ್ರೆ ತೆರೆದರು. ಊರಿನ ಹೆಣ್ಣುಮಕ್ಕಳಿಗೇ ಶುಶ್ರೂಷೆ ಕಲಿಸಿದರು. ತಟ್ಟೆಯಲ್ಲಿ ಸತ್ವವಿಲ್ಲದೆ, ಹೊಲದಲ್ಲಿ ಸಾಲ ತೀರದೆ ಆರೋಗ್ಯ ನಿಲ್ಲದು ಎಂದು ಕಂಡಾಗ, ರೈತರೊಡನೆ ಸಾವಯವ ಬೇಸಾಯದ ಮಾತು ಶುರುವಾಯಿತು. ಬೆರಳೆಣಿಕೆಯ ರೈತರಿಂದ ಹೊರಟ ಆ ಸಂಘದಲ್ಲಿ ಈಗ ನೂರಾರು ಜನರಿದ್ದಾರೆ. ಬಿಟ್ಟುಹೋಗುತ್ತಿದ್ದ ರಾಗಿ, ಸಾಮೆ, ನವಣೆ ಮತ್ತೆ ಹೊಲಕ್ಕೆ ಬಂದವು.

ಕೈಗೆಲಸದ ಕಥೆಯೂ ಹೀಗೆಯೇ. ಅಲ್ಲಿನ ಲಂಬಾಣಿ ಹೆಂಗಸರು ಹಳೆಯ ಉಡುಗೆ ಬಿಟ್ಟಾಗ ಕಸೂತಿಯೂ ಮರೆಯಾಗತೊಡಗಿತು. ಅದನ್ನು ಬಲ್ಲ ಅಜ್ಜಿಯರು ಕೆಲವರೇ ಉಳಿದಿದ್ದರು. ಕಿರಿಯರು ಅವರ ಬಳಿ ಕೂತು ಹೊಲಿಗೆ ಕಲಿತರು. ಹೀಗೆ ‘ಪೋರ್ಗೈ’ ಎಂಬ ಸಂಘ ಬೆಳೆಯಿತು. ಲಂಬಾಣಿ ಮಾತಿನಲ್ಲಿ ಪೋರ್ಗೈ ಎಂದರೆ ಹೆಮ್ಮೆ. ಈ ಕಸೂತಿಯ ಒಡಹುಟ್ಟು ನಮ್ಮ ಬಳ್ಳಾರಿ ಸೀಮೆಯ ಸಂಡೂರಿನಲ್ಲೂ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಗಡಿ ನಕ್ಷೆಯಲ್ಲಿದೆ, ದಾರದಲ್ಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ನಮ್ಮ ಹುಡುಗರು ತಿರುಪ್ಪೂರಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ. ಹೋಗಬಾರದೆಂದು ಹೇಳುವ ಹಕ್ಕು ನನಗಿಲ್ಲ. ಹೊಟ್ಟೆಯ ಪಾಡು ಅದು. ಆದರೆ ಸಾಮೆ ಬಿತ್ತುವುದು ನಿಂತರೆ, ಸಾಮೆ ಎಂಬ ಮಾತೂ ಮೊಮ್ಮಕ್ಕಳ ಬಾಯಲ್ಲಿ ಉಳಿಯದು. ರಾಗಿ ಬೀಸುವ ಕಲ್ಲು ಮೂಲೆ ಸೇರಿದ ಮೇಲೆ, ಬೀಸುವ ಪದವನ್ನು ಯಾರು ಹಾಡುತ್ತಾರೆ? ನಮ್ಮ ಕನ್ನಡ ಈ ಊರುಗಳಲ್ಲಿ ಬದುಕಿರುವುದು ಪುಸ್ತಕಕ್ಕಿಂತ ಹೆಚ್ಚಾಗಿ ಹೊಲದಲ್ಲಿ, ಒಲೆಯ ಮುಂದೆ, ಸೋಬಾನೆ ಹಾಡುವವರ ಗಂಟಲಲ್ಲಿ.

ಅದಕ್ಕೆ ದೊಡ್ಡ ಕಟ್ಟಡ ಬೇಡ, ಸರ್ಕಾರದ ಆದೇಶವೂ ಬೇಡ. ಈ ಭಾನುವಾರ ಮಕ್ಕಳನ್ನು ಅಜ್ಜಿಯ ಬಳಿ ಕೂರಿಸಿ. ಬೀಜಕ್ಕೆ ಬೂದಿ ಬೆರೆಸಿ ಮಡಕೆಯಲ್ಲಿಡುವುದು ಹೇಗೆ, ಯಾವ ಬೆಳೆಗೆ ಯಾವ ಮಳೆ, ಯಾವ ಹಾಡು ಯಾವ ಕೆಲಸಕ್ಕೆ ಎಂದು ಮಕ್ಕಳೇ ಕೇಳಲಿ. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಅದೇ ನಮ್ಮ ಊರಿನ ಪಾಸ್‌ಬುಕ್. ಅಜ್ಜಿ ಇರುವಾಗಲೇ ಜಮೆ ಮಾಡಿಸಿಕೊಳ್ಳಿ. ಆಮೇಲೆ ಆ ಕೌಂಟರು ತೆರೆಯುವುದಿಲ್ಲ.