ಒಂದೇ ಬಟನ್, ಏಳು ಗುಳಿ



ದತ್ತಿ ಉಪನ್ಯಾಸಕ್ಕೆ ವಿಡಿಯೋ ಗೇಮ್ ತಕ್ಕ ವಿಷಯವೇ ಎಂದು ಹುಬ್ಬೇರಿಸಿದವರು ಇಲ್ಲಿ ಇರಬಹುದು. ಆದರೆ ಯಲಹಂಕದಿಂದ ರಾಜಾನುಕುಂಟೆಯ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವ ಈ ರಸ್ತೆಯಲ್ಲಿ ಈಗ ದ್ರಾಕ್ಷಿ ತೋಟಗಳಿಗಿಂತ ಇಂಜಿನಿಯರಿಂಗ್ ಓದುವ ಮಕ್ಕಳೇ ಹೆಚ್ಚು ಕಣ್ಣಿಗೆ ಬೀಳುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟ್ ಏನು ಎಂದರೆ ಹಲವರ ಉತ್ತರ ಗೇಮ್. ನನ್ನ ಮಾತು ಮುಖ್ಯವಾಗಿ ಅವರಿಗೆ.

ಬೆಂಗಳೂರಿಗೆ ಈ ಕಸುಬು ಹೊಸದಲ್ಲ. ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಕಟ್ಟಿದ್ದು 1997ರಲ್ಲಿ. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿತು. ಆದರೂ ಹೊರದೇಶದ ದೊಡ್ಡ ಆಟಗಳಿಗೆ ಕಾರು, ಗೋಡೆ, ಮರ ಬರೆದುಕೊಟ್ಟಷ್ಟು ನಾವು ನಮ್ಮದೇ ಆಟ ಕಟ್ಟಲಿಲ್ಲ. ದೊಡ್ಡ ಆಟಕ್ಕೆ ನೂರಾರು ಜನ ಬೇಕು, ಕೋಟಿಗಟ್ಟಲೆ ಹಣ ಬೇಕು, ನಿಜ. ಆದರೆ ಒಂದೇ ಬಟನ್‌ನಲ್ಲಿ ಆಡುವ ಆಟಕ್ಕೆ ಇಬ್ಬರು ವಿದ್ಯಾರ್ಥಿಗಳು ಮತ್ತು ಒಂದು ಸೆಮಿಸ್ಟರ್ ಸಾಕು.

ವಿಯೆಟ್ನಾಮಿನ ಡಾಂಗ್ ನ್ಯುಯೆನ್ 2013ರಲ್ಲಿ ಬಿಟ್ಟ ‘ಫ್ಲಾಪಿ ಬರ್ಡ್’ ನಿಮಗೆ ಗೊತ್ತಿದೆ. ಬೆರಳು ತಾಗಿಸಿದರೆ ಹಕ್ಕಿ ಮೇಲೇರುತ್ತದೆ, ಬಿಟ್ಟರೆ ಬೀಳುತ್ತದೆ. ಜಗತ್ತೆಲ್ಲ ಅದಕ್ಕೆ ಅಂಟಿಕೊಂಡಿದ್ದಾಗಲೇ, 2014ರ ಫೆಬ್ರವರಿಯಲ್ಲಿ, ಆತ ಅದನ್ನು ತಾನೇ ಹಿಂತೆಗೆದ. ಅದಕ್ಕೂ ಮೊದಲು, 2009ರಲ್ಲಿ, ಆಡಮ್ ಸಾಲ್ಟ್ಸ್‌ಮನ್ ‘ಕ್ಯಾನಬಾಲ್ಟ್’ ಮಾಡಿದ್ದ. ಅದರಲ್ಲಿ ಓಟ ತಾನಾಗಿಯೇ ನಡೆಯುತ್ತದೆ, ನಮ್ಮ ಕೈಲಿರುವುದು ನೆಗೆತ ಮಾತ್ರ. ಒತ್ತಿ ಹಿಡಿದಷ್ಟೂ ನೆಗೆತ ಎತ್ತರ. ಇಂಥ ಆಟಗಳಲ್ಲಿ ಏನು ಮಾಡಲಿ ಎಂಬ ಪ್ರಶ್ನೆಯೇ ಇಲ್ಲ, ಯಾವಾಗ ಮಾಡಲಿ ಎಂಬುದೊಂದೇ.

ಆ ‘ಯಾವಾಗ’ದಲ್ಲೇ ಪೇಚೂ ಇದೆ. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ ಎನ್ನಿ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ 15 ಚೌಕಟ್ಟುಗಳು (ಫ್ರೇಮ್) ಕಳೆದಿರುತ್ತವೆ. ಅಡ್ಡಿ ಅದಕ್ಕಿಂತ ಮೊದಲೇ ಕಾಣದಿದ್ದರೆ ಆಟಗಾರ ಸೋಲುವುದು ಅವನ ತಪ್ಪಿನಿಂದಲ್ಲ, ಮಾಡಿದವನ ತಪ್ಪಿನಿಂದ. ಕಾಲು ಸೆಕೆಂಡು ಎಂಬುದೂ ಪಳಗಿದ, ಆರೋಗ್ಯವಂತ ಕೈಯ ಲೆಕ್ಕ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಕೈ ಎತ್ತಿ ಬಟನ್ ಮೇಲಿಡಲು ಎರಡು ಮೂರು ಸೆಕೆಂಡು ಹಿಡಿಯಬಹುದು. ಒಂದೇ ಬಟನ್ ನಮಗೆ ಚಮತ್ಕಾರ. ಆ ಮಗುವಿಗೆ ಇರುವುದೇ ಒಂದು ಬಟನ್. ‘ಫ್ಲಾಪಿ ಬರ್ಡ್’ ಆ ಮಗುವಿನ ಪಾಲಿಗೆ ಮೊದಲ ಅಡ್ಡಿಯಲ್ಲೇ ಮುಗಿದುಹೋಗುತ್ತದೆ.

ವೇಗ ಬೇಡದ ದಾರಿಯೂ ಇದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಕೆನ್ನೆಯ ಒಂದು ಸ್ನಾಯುವಿನಿಂದ ಪುಸ್ತಕ ಬರೆದರು, ಭಾಷಣ ಮಾಡಿದರು. ಪರದೆಯ ಮೇಲೆ ಗುರುತು ತಾನಾಗಿಯೇ ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಿತ್ತು. ಬೇಕಾದಲ್ಲಿ ಬಂದಾಗ ಅವರು ಕೆನ್ನೆ ಮಿಡಿಯುತ್ತಿದ್ದರು. ಈ ಸರದಿ ಪದ್ಧತಿಯನ್ನು ಆಟಕ್ಕೆ ತರುವುದಾದರೆ ಓಡುವ ನೆಗೆಯುವ ಆಟಗಳು ಏಕೆ? ನಮ್ಮ ಅಜ್ಜಿಯರ ಅಳಗುಳಿ ಮಣೆ ಇದೆಯಲ್ಲ!

ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ಐದರಂತೆ ಹಾಕಿದರೆ ಒಟ್ಟು 70 ಹುಣಸೆ ಬೀಜ. ನಿಯಮ ಊರಿಂದೂರಿಗೆ ಬೇರೆ. ಆದರೆ ಎಲ್ಲ ಕಡೆಯೂ ಆಡುವವರ ತೀರ್ಮಾನ ಒಂದೇ: ಯಾವ ಗುಳಿಯಿಂದ ಎತ್ತಲಿ? ಆಮೇಲಿನದೆಲ್ಲ ನಿಯಮದ ಕೆಲಸ. ಒಂದೊಂದೇ ಬೀಜ ಹಾಕುತ್ತಾ ಹೋಗುವುದು, ಕೈ ಬರಿದಾದಾಗ ಮುಂದಿನ ಗುಳಿಯದನ್ನು ಬಾಚಿ ಮುಂದುವರಿಯುವುದು, ಮುಂದಿನದು ಖಾಲಿಯಿದ್ದರೆ ಅದರಾಚೆಯದನ್ನು ಗೆದ್ದುಕೊಳ್ಳುವುದು, ಇದಿಷ್ಟನ್ನೂ ಕಂಪ್ಯೂಟರ್ ಮಾಡಬಲ್ಲದು.

ಈಗ ಪರದೆಯಲ್ಲಿ ನಿಮ್ಮ ಕಡೆಯ ಏಳು ಗುಳಿಗಳು ಒಂದಾದ ಮೇಲೊಂದು ಬೆಳಗಲಿ. ಬೀಜವಿಲ್ಲದ ಗುಳಿಯನ್ನು ಬೆಳಕು ಹಾದುಹೋಗಲಿ, ಕಾಯುವ ಹೊತ್ತು ಅಷ್ಟು ಉಳಿಯಿತು. ಪ್ರತಿ ಗುಳಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಆಡುವವರೇ ಹೇಳಲಿ: ಒಂದು ಸೆಕೆಂಡೋ, ನಾಲ್ಕೋ. ತಪ್ಪಿಹೋದರೆ ಬೆಳಕು ಸುತ್ತಿಕೊಂಡು ಮತ್ತೆ ಬರುತ್ತದೆ, ಸರದಿ ಕೈತಪ್ಪುವುದಿಲ್ಲ. ಕೈ ನಡುಗಿ ಎರಡು ಸಲ ತಾಗಿದರೆ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಟ್ಟನೆ ಒತ್ತಲಾರದ, ಆದರೆ ಒತ್ತಿದ್ದನ್ನು ಬಿಡಬಲ್ಲ ಕೈಗೆ ತಿರುವುಮುರುವು ಮಾಡಿ: ಒತ್ತಿರುವಷ್ಟು ಹೊತ್ತು ಬೆಳಕು ಸರಿಯಲಿ, ಬಿಟ್ಟಲ್ಲಿ ನಿಲ್ಲಲಿ. ಕಣ್ಣು ಕಾಣದವರಿಗಾಗಿ ಗುಳಿಯ ಬೀಜದ ಎಣಿಕೆಯನ್ನು ಕನ್ನಡದಲ್ಲಿ ಹೇಳಿಸಿ. ಇಷ್ಟಾದರೆ ಅಜ್ಜಿ, ಮೊಮ್ಮಗು, ಗಾಲಿಕುರ್ಚಿಯ ಗೆಳೆಯ ಒಂದೇ ಮಣೆಯಲ್ಲಿ ಸರಿಸಮ. ಯಾರನ್ನೂ ಯಾರೂ ಕರುಣೆಯಿಂದ ಗೆಲ್ಲಿಸಬೇಕಿಲ್ಲ. ಆಟದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲವೆಂದು ನನ್ನ ಎಣಿಕೆ.

ಚೌಕಾಬಾರಕ್ಕೂ ಇದೇ ಜಾಡು ನಡೆಯುತ್ತದೆ; ಕವಡೆ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕೆಂಬುದಷ್ಟೇ ಆಯ್ಕೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ತಾವೇ ರೂಪಿಸಿದವರು. ಅಲ್ಲಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನ ನಡೆಸಿಕೊಂಡು ಬಂದಿದೆ. ಆಟಕ್ಕೆ ವಸ್ತು ಹುಡುಕುವವರು ಒಮ್ಮೆ ಅತ್ತ ಹೋಗಿಬನ್ನಿ.

ಇಂಥ ಆಟಕ್ಕೆ ಬೇಕಾದ ಸ್ವಿಚ್ಚಿಗೆ ಖರ್ಚಿನ ಭಯ ಬೇಡ. ಹಳೆಯ ಮೌಸ್ ಬಿಚ್ಚಿ, ಎಡ ಕ್ಲಿಕ್ಕಿನ ಎರಡು ತುದಿಗಳಿಂದ ತಂತಿ ಎಳೆದು ಅಂಗೈಯಗಲದ ದೊಡ್ಡ ಬಟನ್‌ಗೆ ಜೋಡಿಸಿದರೆ ಆಯಿತು. ಅದನ್ನು ಕೈಗೇ ಕೊಡಬೇಕೆಂದಿಲ್ಲ, ಮೊಣಕಾಲಿಗೆ, ಗಲ್ಲಕ್ಕೆ, ಕುರ್ಚಿಯ ತಲೆದಿಂಬಿಗೆ ಕಟ್ಟಬಹುದು.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಬಣ್ಣ, ಸಂಗೀತ, ಹೆಸರು ಎಲ್ಲ ಆಮೇಲಿರಲಿ; ವೇಗ ಬದಲಿಸುವ ಸೌಲಭ್ಯವನ್ನು ಮೊದಲು ಬರೆಯಿರಿ. ಅರ್ಧ ಆಗಿರುವಾಗಲೇ ಆಟವನ್ನು ಹತ್ತಿರದ ವಿಶೇಷ ಶಾಲೆಗೆ ಒಯ್ದು, ಅಲ್ಲಿನ ಶಿಕ್ಷಕರ ಒಪ್ಪಿಗೆ ಪಡೆದು, ಮಕ್ಕಳು ಆಡುವುದನ್ನು ಸುಮ್ಮನೆ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಆಟವನ್ನು ತಿದ್ದಿ, ಆಮೇಲೆ ಕಾಲೇಜಿಗೆ ಒಪ್ಪಿಸಿ.