ಆಪರೇಷನ್ ತಪ್ಪಬಹುದು, ತಪಾಸಣೆ ತಪ್ಪಬಾರದು



ಗುದನಾಳದ ಕ್ಯಾನ್ಸರಿನ ಮಾತು ಊಟಕ್ಕೆ ಮುಂಚೆ ಬೇಕಿತ್ತೇ ಎಂದು ಮುಖ ಸಿಂಡರಿಸಬೇಡಿ. ಈ ಮುಜುಗರದಿಂದಲೇ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡಗಳ ನಮ್ಮ ಸೀಮೆಯಲ್ಲಿ ಈ ರೋಗ ಒಳಗೊಳಗೇ ಬೆಳೆಯುತ್ತಿದೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ನಾಟಿ ಔಷಧಿ, ಮುಲಾಮು ಎಂದು ತಿಂಗಳುಗಟ್ಟಲೆ ಕಳೆದು ಬರುವವರೇ ಹೆಚ್ಚು. ಗೆಡ್ಡೆ ಕೆಳಗಿದ್ದರೆ ಕೈಗವಸು ತೊಟ್ಟ ಬೆರಳಿಗೇ ಸಿಗುತ್ತದೆ. ಬೆರಳಿಟ್ಟು ನೋಡದೆ ಮುಲಾಮು ಬರೆದುಕೊಡುವ ವೈದ್ಯರ ಮೇಲೆ ನನಗೆ ಸಿಟ್ಟಿದೆ.

ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಗುದನಾಳ, ಗುದದ್ವಾರ ಎರಡನ್ನೂ ತೆಗೆದು ಹೊಟ್ಟೆಯ ಮೇಲೆ ಮಲಕ್ಕೆ ದಾರಿ ಮಾಡುವ ಆಪರೇಷನ್ನನ್ನು ಪ್ರಕಟಿಸಿದರು. ಅದರಿಂದ ಬದುಕಿದವರು ಅಸಂಖ್ಯ. ಆದರೆ ಹೊಟ್ಟೆಗೆ ಅಂಟಿಸಿದ ಚೀಲ ಜೀವಮಾನವಿಡೀ ಜೊತೆಗಿರುತ್ತದೆ. ಚೀಲ ಕಟ್ಟಿಕೊಂಡು ಗದ್ದೆಗಿಳಿಯುವುದು ಹೇಗೆ, ಮದುವೆಮನೆಯಲ್ಲಿ ಪಂಕ್ತಿಗೆ ಕೂರುವುದು ಹೇಗೆ ಎಂದು ಹೆದರಿ ಆಸ್ಪತ್ರೆಯಿಂದಲೇ ಎದ್ದು ಹೋಗುವವರಿದ್ದಾರೆ. ಅವರನ್ನು ದಡ್ಡರೆನ್ನಲಾರೆ.

ಮುಂದೆ ಆಪರೇಷನ್ನಿಗೆ ಮೊದಲೇ ವಿಕಿರಣ, ನಮ್ಮ ಜನ ಹೇಳುವ ‘ಕರೆಂಟ್’, ಕೊಡುವ ಪದ್ಧತಿ ಬಂತು. ಸಾಮಾನ್ಯವಾಗಿ 25ರಿಂದ 28 ಸಲ, ಐದಾರು ವಾರ, ಜೊತೆಗೆ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ. ಆಮೇಲೆ ಕತ್ತರಿಸಿ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವರಲ್ಲಿ ಕ್ಯಾನ್ಸರೇ ಇರುತ್ತಿರಲಿಲ್ಲ! ಹಾಗಾದರೆ ಕತ್ತರಿಸುವುದೇಕೆ ಎಂದು ಕೇಳುವ ಧೈರ್ಯ ಮಾಡಿದವರು ಬ್ರೆಜಿಲ್ಲಿನ ಶಸ್ತ್ರವೈದ್ಯೆ ಆಂಜೆಲಿಟಾ ಹಬರ್-ಗಾಮಾ. 2004ರಲ್ಲಿ ಅವರು 265 ರೋಗಿಗಳ ವಿವರ ಪ್ರಕಟಿಸಿದರು. ಗೆಡ್ಡೆ ಪೂರ್ತಿ ಕರಗಿದಂತೆ ಕಂಡ 71 ಜನರಿಗೆ ಕತ್ತರಿ ಹಾಕದೆ ನಿಗಾದಲ್ಲಿಟ್ಟಿದ್ದರು. ಶಸ್ತ್ರವೈದ್ಯರ ಲೋಕ ಬೇಗ ಒಪ್ಪಲಿಲ್ಲ. 2022ರಲ್ಲಿ ಅಮೆರಿಕದಿಂದ 324 ರೋಗಿಗಳ ಪ್ರಯೋಗದ ಫಲಿತಾಂಶ ಬಂತು. ವಿಕಿರಣ ಮೊದಲು, ಕೀಮೋ ಆಮೇಲೆ ಪಡೆದ ಗುಂಪಿನಲ್ಲಿ ಮೂರು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಗುದನಾಳ ಉಳಿಸಿಕೊಂಡಿದ್ದರು.

ಗೆಡ್ಡೆ ಅರೆಬರೆ ಕರಗಿದರೆ ಆಪರೇಷನ್ ಆಗಲೇಬೇಕು. ಎಲ್ಲರಿಗೂ ಕತ್ತರಿಯಿಲ್ಲದೆ ವಾಸಿ ಮಾಡುತ್ತೇನೆ ಎನ್ನುವವರು ಮೋಸಗಾರರು. ವಿಕಿರಣಕ್ಕೂ ಅದರದೇ ಬೆಲೆಯಿದೆ: ಮಲ ತಡೆಯಲಾಗದ ಅವಸರ, ರಕ್ತ ಸೋರುವುದು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಮುಟ್ಟು ನಿಂತು ಗರ್ಭಧಾರಣೆಯ ದಾರಿಯೇ ಮುಚ್ಚಬಹುದು. ಇದನ್ನು ಮೊದಲೇ ಹೇಳಬೇಕು.

ಗೆಡ್ಡೆ ಪೂರ್ತಿ ಕರಗಿ ಆಪರೇಷನ್ ತಪ್ಪಿದವರಿಗೆ ಮುಖ್ಯವಾದದ್ದು ನಿಗಾ. 2018ರಲ್ಲಿ ಹಲವು ದೇಶಗಳ 880 ಇಂಥ ರೋಗಿಗಳ ಲೆಕ್ಕ ತೆಗೆದಾಗ ಎರಡು ವರ್ಷದೊಳಗೆ ಕಾಲುಭಾಗದವರಲ್ಲಿ ಗೆಡ್ಡೆ ಮತ್ತೆ ಚಿಗುರಿತ್ತು. ಹೆಚ್ಚುಕಡಿಮೆ ಎಲ್ಲವೂ ಕರುಳಿನ ಗೋಡೆಯಲ್ಲೇ. ಬೇಗ ಕಂಡರೆ ಬಹುಪಾಲು ಜನರಿಗೆ ಆಗಲೂ ಆಪರೇಷನ್ ಮಾಡಬಹುದು. ಅದಕ್ಕೇ ಮೊದಲೆರಡು ವರ್ಷ ಮೂರು-ನಾಲ್ಕು ತಿಂಗಳಿಗೊಮ್ಮೆ ಬೆರಳ ಪರೀಕ್ಷೆ, ಎಂಡೋಸ್ಕೋಪಿ, ಆಗಾಗ ಎಂಆರ್‌ಐ ಆಗಬೇಕು.

ನಮ್ಮ ಕಡೆಯ ಬಡವರಿಗೆ ಕ್ಯಾನ್ಸರ್ ಎಂದರೆ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತಪ್ಪಿದ ಕೂಲಿ ಸಿಗುವುದಿಲ್ಲ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಗಂಡಸು ರೋಗಿಯಾದರೆ ಜೊತೆಗೆ ಬರುವ ಹೆಂಡತಿಗೆ ಟಿಕೆಟ್ ಇಲ್ಲ, ಅವನಿಗಿದೆ! ಗೆಡ್ಡೆ ಕರಗಿದ ಮೇಲೆ ನೋವಿಲ್ಲ, ರಕ್ತವಿಲ್ಲ, ಕಡಲೆಕಾಯಿ ಕೀಳುವ ಕಾಲ ಬೇರೆ. ಅವನು ತಪಾಸಣೆಗೆ ಬೆಂಗಳೂರಿಗೆ ಹೋಗುತ್ತಾನೆಯೆ?

ಆದ್ದರಿಂದ ಹೊಳವನಹಳ್ಳಿಯ ಈ ಸಮಾವೇಶದ ನಿರ್ಣಯಗಳಲ್ಲಿ ಎರಡು ವಿಷಯ ಸೇರಬೇಕೆಂದು ಕೋರುತ್ತೇನೆ. ಒಂದು, ನಿಗಾದಲ್ಲಿರುವ ಪ್ರತಿ ರೋಗಿಯ ಹೆಸರು, ಮುಂದಿನ ತಾರೀಕು ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಿರಲಿ. ಕ್ಷಯರೋಗಿಯ ಮಾತ್ರೆ ವಿಚಾರಿಸುವಂತೆ ಆಶಾ ಕಾರ್ಯಕರ್ತೆ ಅವರ ತಾರೀಕನ್ನೂ ವಿಚಾರಿಸಲಿ, ಅದಕ್ಕೆ ಅವಳಿಗೆ ಸಂಭಾವನೆ ಸಲ್ಲಲಿ. ಎರಡು, ಮಲದಲ್ಲಿ ರಕ್ತ ಎಂದು ಬಂದ ಯಾರನ್ನೂ ಬೆರಳ ಪರೀಕ್ಷೆಯಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ವಾಪಸು ಕಳಿಸದಿರಲಿ.