ಹೊಸ ಹಾಡು, ಹಳೆಯ ದೂರು



‘ಈಗಿನ ಹಾಡಿನಾಗ ಏನೈತ್ರಿ?’ ಎಂಬ ಮಾತು ಕಟ್ಟೆಯ ಮೇಲೆ ದಿನವೂ ಕೇಳುತ್ತೇವೆ. ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ (1913–2009) ಅವರನ್ನೇ ನೋಡಿ. ತಾಯಿ ಅಂಬಾಬಾಯಿ ಹಾಡುತ್ತಿದ್ದುದು ಕರ್ನಾಟಕ ಸಂಗೀತ. ಮಗಳು ಹಿಡಿದದ್ದು ಆಗ ಈ ಭಾಗಕ್ಕೆ ಹೊಸದೇ ಎನ್ನಬಹುದಾದ ಹಿಂದುಸ್ತಾನಿ. ಮಗಳ ಕಲಿಕೆಗೆ ಅಡ್ಡಿಯಾಗದಿರಲೆಂದು ತಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು!

1930ರ ದಶಕದಲ್ಲಿ ಗಂಗೂಬಾಯಿಯವರ ಗ್ರಾಮಫೋನ್ ಪ್ಲೇಟುಗಳು ಬಂದವು. ಬೈಠಕ್ಕಿನಲ್ಲಿ ತಾಸುಗಟ್ಟಲೆ ಹಾಡುವ ರಾಗ ಅಲ್ಲಿ ಮೂರು ನಿಮಿಷಕ್ಕೆ ಇಳಿಯಿತು. ಮೊಬೈಲಿನ ತುಣುಕು ಹಾಡನ್ನು ಬೈಯುವ ನಾವೇ ಆ ಪ್ಲೇಟುಗಳನ್ನು ಜೋಪಾನ ಮಾಡುತ್ತೇವೆ.

ಒಂದನ್ನು ಒಪ್ಪುತ್ತೇನೆ. ಆಗ ಮೆಚ್ಚಿನ ಹಾಡಿಗಾಗಿ ವಾರಗಟ್ಟಲೆ ಕಾಯಬೇಕಿತ್ತು. ಹಳೆಯ ಪುಳಕದಲ್ಲಿ ಅರ್ಧ ಪಾಲು ಆ ಕಾಯುವಿಕೆಯದೇ. ಧಾರವಾಡ ಆಕಾಶವಾಣಿ ಹಚ್ಚಿಕೊಂಡು ನಾನೂ ಹಾಗೆ ಕೂತವನೇ.